ದೊಡ್ಡಣ್ಣ ಏಳಲೊಲ್ಲ

ಮಾರೇನಹಳ್ಳಿಯ ಆ ಆಫೀಸಿನಲ್ಲಿ ಹನ್ನೊಂದು ಕಲ್ಯಾಣ ಮಂಟಪಗಳ ಬುಕಿಂಗ್ ಮೂರು ಸರ್ವರ್ ಕಂಪ್ಯೂಟರುಗಳ ಹೊಟ್ಟೆಯಲ್ಲಿತ್ತು. ಅವುಗಳಿಗೆ ದೊಡ್ಡಣ್ಣ, ನಡುವಣ್ಣ, ಚಿಕ್ಕಣ್ಣ ಎಂದು ಹೆಸರಿಟ್ಟವರು ಮಾಲೀಕ ಮುನಿಯಪ್ಪನವರು. ಒಬ್ಬ ಬರೆದದ್ದನ್ನು ಉಳಿದಿಬ್ಬರೂ ಆ ಕ್ಷಣವೇ ಬರೆದುಕೊಳ್ಳುತ್ತಿದ್ದರು. ಅಷ್ಟು ಒಗ್ಗಟ್ಟು ಮುನಿಯಪ್ಪನವರ ಸ್ವಂತ ಅಣ್ಣತಮ್ಮಂದಿರಲ್ಲಿ ಎಂದೂ ಕಂಡಿದ್ದಿಲ್ಲ.

ಈ ಮೂವರನ್ನು ನೋಡಿಕೊಳ್ಳುವವಳು ತುಂಗಾ. ಆಯುಧಪೂಜೆಯ ಬೆಳಿಗ್ಗೆ ಧೂಳು ಒರೆಸಿ ಕುಂಕುಮ ಹಚ್ಚಲೆಂದು ಮೊದಲು ದೊಡ್ಡಣ್ಣನನ್ನು ಆರಿಸಿ ಮಲಗಿಸಿದಳು, ಆಮೇಲೆ ನಡುವಣ್ಣನನ್ನು. ಚಿಕ್ಕಣ್ಣನ ಸರದಿ ಬರುವಷ್ಟರಲ್ಲಿ ಮನೆಯಿಂದ ಫೋನು ಬಂತು. ಮೂರು ತಿಂಗಳ ಜಗ್ಗಾಟದ ಮೇಲೆ ಎರಡೂ ಕಡೆಯವರು ಅವಳ ಮದುವೆಗೆ ಒಂದು ಭಾನುವಾರವನ್ನು ಒಪ್ಪಿದ್ದರು. ಕೆಂಗೇರಿಯ ಮಂಟಪ ಅಂದು ಖಾಲಿಯಿತ್ತು. ಎಚ್ಚರವಿದ್ದ ಚಿಕ್ಕಣ್ಣನ ಬಳಿ ತನ್ನ ಹೆಸರು ಬರೆಸಿ ಅವನನ್ನೂ ಮಲಗಿಸಿದಳು. ಸಿಹಿ ತಂದು ಎಲ್ಲರಿಗೂ ಹೇಳಿದರಾಯಿತು ಎಂದುಕೊಂಡಳು.

ಪೂಜೆಯಾಯಿತು, ಬೂದುಗುಂಬಳ ಒಡೆದದ್ದಾಯಿತು. ಕೊನೆಗೆ ಮಲಗಿದ ಚಿಕ್ಕಣ್ಣನೇ ಮೊದಲು ಏಳಬೇಕು ಎಂದು ತುಂಗಾ ಹೇಳಿದ್ದೇ ತಡ, ಮುನಿಯಪ್ಪನವರ ಮುಖ ಹರಳೆಣ್ಣೆ ಕುಡಿದಂತಾಯಿತು. ಹಿರಿಯನಿರುವಾಗ ಕಿರಿಯನಿಗೆ ಮೊದಲ ಮರ್ಯಾದೆ ಕೊಟ್ಟೇ ತಮ್ಮ ಮನೆ ಮೂರು ಪಾಲಾಯಿತೆಂದು ಹೇಳಿ, ದೊಡ್ಡಣ್ಣನ ಗುಂಡಿ ತಾವೇ ಒತ್ತಿದರು. ದೊಡ್ಡಣ್ಣ ಗೊರಗೊರ ಎಂದ, ದೀಪ ಮಿಟುಕಿಸಿದ, ಕೆಲಸಕ್ಕೆ ಮಾತ್ರ ಏಳಲೊಲ್ಲ. ನನಗೆ ಗೊತ್ತಿರುವುದು ಹಳೆಯ ಸಂಗತಿ, ಬೇರೆಯವರನ್ನು ಕೇಳಿ ಎಂಬ ಸಂದೇಶ ಪರದೆಯ ಮೇಲೆ ಬಂತು. ಅಷ್ಟು ಬುದ್ಧಿ ಯಜಮಾನರಿಗಿರಲಿಲ್ಲ. ಬಲವಂತವಾಗಿಯಾದರೂ ಎಬ್ಬಿಸು ಎಂದರು.

ತುಂಗಾ ಕೀಲಿಮಣೆಯಿಂದ ಕೈ ಹಿಂದೆ ತೆಗೆದಳು. ಬಲವಂತ ಮಾಡಿದರೆ ದೊಡ್ಡಣ್ಣ ಏಳುತ್ತಾನೆ, ನಿಜ. ಆದರೆ ಅವನಿಗೆ ಅವಳ ಮದುವೆಯೇ ಗೊತ್ತಿಲ್ಲ. ತಮ್ಮಂದಿರೂ ಅವನನ್ನು ನೋಡಿಯೇ ಬರೆದುಕೊಂಡು ಮರೆತುಬಿಡುತ್ತಾರೆ. ಹೊರಗೆ ಬೆಂಚಿನ ಮೇಲೆ ಮಹಾಲಕ್ಷ್ಮಿ ಲೇಔಟಿನ ಚನ್ನವೀರೇಶ್ ಅದೇ ಭಾನುವಾರ, ಅದೇ ಮಂಟಪ ಎಂದು ಜಪ ಮಾಡುತ್ತ ಕೂತಿದ್ದ. ಪೂಜೆ ಮುಗಿದ ಮೇಲೆ ದಿನ ಖಾಲಿಯಿದ್ದರೆ ಮೊದಲ ಬುಕಿಂಗ್ ಅವನದೇ ಎಂದು ಮುನಿಯಪ್ಪನವರು ಮಾತು ಕೊಟ್ಟಾಗಿತ್ತು. ಇದ್ದದ್ದು ಹೇಳೋಣವೆಂದರೆ, ತನ್ನ ಮದುವೆಯ ಮಾತು ತಾನೇ ಎತ್ತಲು ತುಂಗಾಳಿಗೆ ನಾಚಿಕೆ.

ಮೂಲೆಯಲ್ಲಿ ಕಡ್ಲೆಪುರಿ ಪೊಟ್ಟಣ ಕಟ್ಟುತ್ತಿದ್ದ ಮುನಿಯಪ್ಪನವರ ತಾಯಿ ಮುನಿತಾಯಮ್ಮ ತಲೆಯೆತ್ತಿದರು.

“ಲೇ ಮುನಿಯ, ಮನೇಲಿ ಬೆಳಿಗ್ಗೆ ಮೊದಲು ಏಳೋರು ಯಾರು? ರಾತ್ರಿ ಕೊನೆಗೆ ಮಲಗಿದೋಳು. ಹಾಲಿಗೆ ಹೆಪ್ಪು ಹಾಕಿದ್ಯೋ ಇಲ್ವೋ ಅವಳಿಗೇ ಕಣೋ ಗೊತ್ತಿರೋದು. ನಿಮ್ಮಪ್ಪ ಸಂಜೆ ಏಳೂವರೆಗೇ ಗೊರಕೆ ಹೊಡೀತಿದ್ರು, ಅವರನ್ನ ಎಬ್ಬಿಸಿ ಕೇಳಿದ್ರೆ ಏನು ಹೇಳೋರು?”

ತಾಯಿಗೆ ಎದುರಾಡಿ ಅಭ್ಯಾಸವಿಲ್ಲದ ಮುನಿಯಪ್ಪನವರು ದೊಡ್ಡಣ್ಣನಿಗೆ ಕೈಮುಗಿದು, ಆರತಿ ನಿನಗೇ ಮೊದಲು ಆಯಿತಲ್ಲ, ಬೇಜಾರು ಮಾಡಿಕೊಳ್ಳಬೇಡ ಎಂದು ಸಮಾಧಾನ ಹೇಳಿದರು. ತುಂಗಾ ಗುಂಡಿ ಒತ್ತುತ್ತಲೇ ಚಿಕ್ಕಣ್ಣ ಥಟ್ಟನೆ ಎದ್ದ. ಅಣ್ಣಂದಿರೂ ಒಬ್ಬೊಬ್ಬರಾಗಿ ಎದ್ದು, ತಾವು ಮಲಗಿದ್ದಾಗ ನಡೆದದ್ದನ್ನು ತಮ್ಮನಿಂದ ಬರೆದುಕೊಂಡರು. ಪರದೆಯ ಮೇಲೆ ಕೊನೆಯ ಬುಕಿಂಗ್ ಮೂಡಿತು. ಮುನಿಯಪ್ಪನವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: ಕೆಂಗೇರಿ ಮಂಟಪ, ವಧು ತುಂಗಾ, ವರ ಜಗನ್ನಾಥ.

ಹೊರಗೆ ಚನ್ನವೀರೇಶ್ ನಿಟ್ಟುಸಿರು ಬಿಟ್ಟು ಮುಂದಿನ ಭಾನುವಾರದ ಜಪ ಶುರುಮಾಡಿದ. ಮುನಿತಾಯಮ್ಮ ಪುರಿ ಬಿಟ್ಟು ಎದ್ದು ಬಂದು ತುಂಗಾಳ ಕೆನ್ನೆ ಸವರಿದರು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಮುನಿಯಪ್ಪನವರು ಮಾತ್ರ ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

“ಅಲ್ಲಮ್ಮ, ಆ ಭಾನುವಾರ ಈ ಮೂವರನ್ನ ಯಾರು ನೋಡ್ಕೋತಾರೆ? ನೀನು ರಜಾನೇ ಕೇಳಿಲ್ವಲ್ಲ.”