ಮಾದಮ್ಮನ ಸೋಬಾನೆ

ತೊಂಬತ್ತೊಂಬತ್ತರಲ್ಲಿ ಪಾಂಡವಪುರದಲ್ಲಿ ಮದುವೆ ವಿಡಿಯೊ ತೆಗೆಯುವವರ ಪೈಕಿ ಕಂಪ್ಯೂಟರ್ ಇಟ್ಟವನು ನಾನೊಬ್ಬನೇ. ಅದು ಸ್ಟುಡಿಯೊಗೆ ಬಂದು ಮೂರು ವಾರವಾಗಿತ್ತು. ಎಂಥ ಹಳೇ ಕ್ಯಾಸೆಟ್ಟನ್ನೂ ಇದರೊಳಕ್ಕೆ ಇಳಿಸಿ, ಬೇಕಾದಷ್ಟು ಮಾತ್ರ ಕತ್ತರಿಸಿ ಕೊಡುತ್ತೇನೆ ಎಂದು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡೆ. ಬಾಯಿ ಸುಮ್ಮನಿರಬೇಕಲ್ಲ. ಮಾತು ಸಿಂಧಘಟ್ಟದವರೆಗೂ ಹೋಗಿ, ಸಹನಳನ್ನು ಬಸ್ಸು ಹತ್ತಿಸಿತು.

ಸಹನ ತೊಣ್ಣೂರಿನ ಮಾದಮ್ಮನ ಮಗಳು, ಸಿಂಧಘಟ್ಟಕ್ಕೆ ಕೊಟ್ಟಿದ್ದರು. ಆರು ವರ್ಷದ ಹಿಂದೆ ಅವಳ ಮದುವೆಗೆ ಕ್ಯಾಮೆರಾ ಹೊತ್ತವನು ನಾನೇ. ಮಾದಮ್ಮ ಎಂದರೆ ಸುತ್ತಲಿನ ಹಳ್ಳಿಗಳಲ್ಲಿ ಸೋಬಾನೆಗೆ ಹೆಸರಾದವಳು. ಅವಳು ಹಸೆಮಣೆ ಮುಂದೆ ಕೂತು ದನಿ ಎತ್ತಿದರೆ ಓಲಗದವರೂ ಸುಮ್ಮನಾಗುತ್ತಿದ್ದರು. ಹೋದ ತಿಂಗಳು ತೀರಿಕೊಂಡಿದ್ದಳು.

"ನನ್ತಾವ ಇರೋ ಕ್ಯಾಸೆಟ್ನಾಗೆ ಬರೀ ಸಿನ್ಮಾ ಹಾಡು ಕಣಣ್ಣ," ಎಂದಳು ಸಹನ. "ನೀವು ಕ್ಯಾಮ್ರಾದಾಗೆ ತೆಗ್ದಿದ್ ಮೂಲ ಕ್ಯಾಸೆಟ್ನಾಗೆ ಅವ್ವ ಏಳಿದ್ ಪದ ಇರ್ತದಂತಲ್ಲ? ಅದೊಂದು ತೆಗ್ದುಕೊಡಿ. ಅವ್ವನ ದನಿ ಇನ್ನೆಲ್ಲೂ ಇಲ್ಲ."

"ಇಲ್ದೆ ಏನವ್ವ? ಬೀರುನಾಗೆ ಅಂಗೇ ಮಡಗಿವ್ನಿ. ಭಾನುವಾರ ಬಾ."

ಭಾನುವಾರ ಬೆಳಗ್ಗೆ ಒಂಬತ್ತಕ್ಕೇ ಬಂದು, ಪಾಸ್‌ಪೋರ್ಟ್ ಫೋಟೊಗೆ ಕೂರಿಸುವ ಸ್ಟೂಲಿನ ಮೇಲೆ ಕೂತಳು. ನಾನು ಹಳೇ ಕ್ಯಾಮೆರಾಕ್ಕೆ ಮೂಲ ಕ್ಯಾಸೆಟ್ಟು ಹಾಕಿ, ಚಿತ್ರಕ್ಕೆ ಹಳದಿ ವೈರು, ಸದ್ದಿಗೆ ಬಿಳೀ ವೈರು ಎಂದು ಕಂಪ್ಯೂಟರಿಗೆ ಸಿಕ್ಕಿಸಿದೆ. ಚಿತ್ರವೇನೋ ಬಂತು, ಆದರೆ ತುಂಡುತುಂಡಾಗಿ. ಹಾರ ಎತ್ತಿದ ಗಂಡಿನ ಕೈ ಅಲ್ಲೇ ನಿಲ್ಲುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾರ ಹೆಣ್ಣಿನ ಕೊರಳಲ್ಲಿ. ಸದ್ದಂತೂ ಸೊನ್ನೆ. ಹತ್ತು ಸಲ ಹಿಂದಕ್ಕೆ ಓಡಿಸಿ ಹತ್ತು ಸಲ ಹಾಕಿದೆ. ತಲೆ ಕೆಟ್ಟು, ಕಂಪ್ಯೂಟರ್ ಜೋಡಿಸಿಕೊಟ್ಟ ಶೋಯಬ್‌ಗೆ ಶ್ರೀರಂಗಪಟ್ಟಣಕ್ಕೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಅರ್ಧ ಗಂಟೆಯಲ್ಲಿ ಬಂದ.

"ಚಿತ್ರ ಬರೋ ಜೋರಿಗೆ ಡಿಸ್ಕು ಬರ್ಕೊಳ್ಳಾಕ್ಕಾಯ್ತಿಲ್ಲ ಚಿಕ್ಕಸ್ವಾಮಣ್ಣ. ನಡೂವೆ ಚಿತ್ರ ಉದ್ರೋಯ್ತಾವೆ," ಎಂದು ಚಿತ್ರದ ಅಳತೆ ಚಿಕ್ಕದು ಮಾಡಿದ. ಹಾರ ನೆಟ್ಟಗೆ ಕೊರಳಿಗೆ ಬಿತ್ತು. ಆಮೇಲೆ ಸದ್ದು. ನಾನು ಬಿಳೀ ವೈರನ್ನು ಮೈಕಿನ ತೂತಿಗೆ ಸಿಕ್ಕಿಸಿದ್ದೆ. ಅದನ್ನು ಕಿತ್ತು ಪಕ್ಕದ ತೂತಿಗೆ ಹಾಕಿದ. ಪರದೆಯ ಮೇಲೆ ಸದ್ದು ಮುಚ್ಚುವ ಗುರುತೊಂದಿತ್ತು, ಅದನ್ನೂ ತೆಗೆದ.

ಸಹನ ಎದ್ದು ಹತ್ತಿರ ಬಂದಳು. ಪರದೆಯಲ್ಲಿ ಮಾದಮ್ಮ ಕೂತಿದ್ದಳು, ಕಿವಿಗೆ ಕೈ ಕೊಟ್ಟುಕೊಂಡು, ಕೊರಳ ನರ ಉಬ್ಬುವಂತೆ ಹಾಡುತ್ತ. ಸ್ಪೀಕರಿನಿಂದ ಬಂದದ್ದು ಗಿಟಾರಿನ ಸಿನಿಮಾ ಹಾಡು.

"ಏನ್ಲಾ ಶೋಯಬ್, ಕಂಪ್ಯೂಟ್ರೊಳಕ್ಕೆ ಹಾಡು ತುಂಬ್ಸಿ ಕೊಟ್ಬುಟ್ಟಿದ್ದೀಯೇನ್ಲಾ?" ಎಂದು ಕೂಗಿದೆ.

ಶೋಯಬ್ ಕಂಪ್ಯೂಟರಿನಿಂದ ವೈರು ಕಿತ್ತು, ಕ್ಯಾಮೆರಾವನ್ನು ನೇರ ಟೀವಿಗೆ ಸಿಕ್ಕಿಸಿದ. ಅದೇ ಗಿಟಾರು. "ಕ್ಯಾಸೆಟ್ನಾಗೇ ಅದೆ ಅಣ್ಣ," ಎಂದ ಮೆಲ್ಲಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬೆಳಗ್ಗಿನಿಂದ ನಾನು ಮಾಡಿದ್ದೂ ಅದನ್ನೇ.

ಆಗ ಎಲ್ಲ ನೆನಪಾಯಿತು. ಹೆಣ್ಣಿನ ಕಡೆಗೊಂದು, ಗಂಡಿನ ಕಡೆಗೊಂದು, ಸೋದರಮಾವನಿಗೊಂದು ಎಂದು ಮೂರು ಕಾಪಿ ಕೇಳಿದ್ದರು. ಮೂರಕ್ಕೂ ಬೇರೆಬೇರೆಯಾಗಿ ಹಾಡು ಕೂರಿಸುತ್ತ ಯಾರು ಸಾಯುತ್ತಾರೆ? ಚಿತ್ರ ಹಾಗೇ ಉಳಿಸಿ ಸದ್ದು ಮಾತ್ರ ಬದಲಿಸುವ ಗುಂಡಿಯೊಂದು ಕ್ಯಾಮೆರಾದಲ್ಲಿತ್ತು. ಅದನ್ನೊತ್ತಿ ಮೂಲ ಕ್ಯಾಸೆಟ್ಟಿಗೇ ಸಿನಿಮಾ ಹಾಡು ಏರಿಸಿ, ಅದರಿಂದಲೇ ಮೂರನ್ನೂ ಇಳಿಸಿದ್ದೆ. ಮೊದಲಿದ್ದ ಸದ್ದು ಅಳಿಸಿಹೋಗುತ್ತದೆ ಎಂದು ಗೊತ್ತಿತ್ತು. ಮುದುಕಿಯರ ಪದ ಯಾರಿಗೆ ಬೇಕು ಅಂದುಕೊಂಡಿದ್ದೆ. ಅರ್ಧ ದಿನ ಉಳಿಯಿತು ಎಂದು ಅವತ್ತು ಖುಷಿಯೂ ಪಟ್ಟಿದ್ದೆ.

"ಯಾರಣ್ಣ ನಿಮ್ಗೆ ಏಳಿದ್ದು, ಅವ್ವನ ಪದ ತೆಗ್ದಾಕಿ ಅಂತ?" ಸಹನಳ ದನಿ ಬೀದಿಗೆ ಕೇಳುವಂತಿತ್ತು. "ಯಾರ್ ಏಳಿದ್ದು?"

ತಪ್ಪು ಮಾಡಿದವನಿಗೇ ಸಿಟ್ಟು ಮೊದಲು ಬರುವುದು. "ನೀನೇ ಕಣವ್ವ!" ಎಂದೆ. "ಮದ್ವೆ ಆದ್ ಎಂಟ್ ದಿನುಕ್ಕೆ ಇಲ್ಲೇ ಬಂದು ಕುಂತ್ಕಂಡು ಏನಂದೆ? ಈ ಅಳ್ಳಿ ಪದ ಬ್ಯಾಡ, ಗಂಡನ್ ಮನೆಯೋರು ನಗ್ತಾರೆ, ಪೂರ್ತಿ ಸಿನ್ಮಾ ಹಾಡು ಆಕ್ಬುಡಿ ಅನ್ನಲಿಲ್ವಾ?"

ಅದು ಸುಳ್ಳಲ್ಲ. ಹಾಗೆಂದೇ ಹೇಳಿದ್ದಳು. ಅವಳಿಗೂ ನೆನಪಾದದ್ದು ಮುಖದಲ್ಲೇ ಕಂಡಿತು.

"ಆದ್ರೂ ಅಣ್ಣ, ಕಾಪಿಗ್ ಮಾತ್ರ ಆಕಿದ್ರೆ ಮೂಲದಾಗೆ..." ಎಂದು ಶೋಯಬ್ ಬಾಯಿ ತೆಗೆದ.

"ನೀನು ವೈರ್ ಸುತ್ಲಾ," ಎಂದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ತಲೆ ತಗ್ಗಿಸಿ ವೈರು ಸುತ್ತತೊಡಗಿದ.

ಸಹನ ಟೀವಿ ಮುಂದೆ ನೆಲದ ಮೇಲೇ ಕೂತುಬಿಟ್ಟಳು. ಮಾದಮ್ಮನ ತುಟಿ ಇನ್ನೂ ಆಡುತ್ತಿತ್ತು. ಸದ್ದನ್ನು ಕಮ್ಮಿ ಮಾಡುವುದು ನನಗೂ ತೋಚಲಿಲ್ಲ.

"ನಾನ್ ಅಂಗ್ ಅಂದಾಗ ಅವ್ವ ಪಕ್ದಲ್ಲೇ ಕುಂತಿದ್ಲು," ಎಂದಳು. "ಮಗ್ಳು ಏಳ್ದಂಗೇ ಮಾಡಪ್ಪ ಅಂತ ನಿಮ್ಗೆ ಅಂದ್ಲು. ಆಮೇಕೆ ಯಾವತ್ತೂ ಆ ಮಾತೆತ್ತಲಿಲ್ಲ."

ಬಾಯಿ ಬಿಡಲು ನನಗೆ ಅದೇ ಹೊತ್ತಾಗಿತ್ತು. ನೀನು ಬೇಡವೆಂದದ್ದು ನಿನ್ನ ಕಾಪಿಗೆ ಮಾತ್ರ ಕಣವ್ವ, ಮೂಲವನ್ನು ಅಳಿಸಿದ್ದು ನನ್ನ ಮೈಗಳ್ಳತನ ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಿದ್ದರೆ ಅವಳು ಅರ್ಧ ಭಾರವನ್ನಾದರೂ ನನ್ನ ಅಂಗಡಿಯಲ್ಲೇ ಇಳಿಸಿ ಹೋಗುತ್ತಿದ್ದಳು. ಹೇಳಲಿಲ್ಲ.

ಕಣ್ಣೊರೆಸಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, "ಸುಮ್ಸುಮ್ನೆ ನಿಮ್ ಮ್ಯಾಲೆ ರೇಗ್ಬುಟ್ಟೆ. ತಪ್ಪು ನಂದೇಯ, ಬೇಜಾರ್ ಮಾಡ್ಕೋಬ್ಯಾಡಿ ಕಣಣ್ಣ," ಎಂದು ಕೈ ಮುಗಿದಳು.

"ಓಗ್ಲಿ ಬುಡವ್ವ," ಎಂದೆ, ದೊಡ್ಡ ಮನಸ್ಸಿನವನ ಹಾಗೆ.