ಬಿಳಿ ಜೀಪಿನ ಮೇಲಿನ ಕೆಂಪು ಗುರುತು

ಕಾರ್ತಿಕ ಮುಗಿದು ಚಳಿ ಹಿಡಿದಿತ್ತು. ಬೇಡಕಿಹಾಳದ ಸುತ್ತ ಕಬ್ಬು ಕಟಾವಿಗೆ ಬಂದಿದ್ದರೂ ಟ್ರ್ಯಾಕ್ಟರುಗಳು ನಿಂತಲ್ಲೇ ನಿಂತಿದ್ದವು. ಕಬ್ಬಿನ ದರಕ್ಕಾಗಿ ರೈತರು ನಿಪ್ಪಾಣಿ ರಸ್ತೆಗೆ ಎತ್ತಿನಗಾಡಿ ಅಡ್ಡ ಹಾಕಿ ಕೂತಿದ್ದರು. ಅಂಬುಲೆನ್ಸ್ ಬಿಟ್ಟರೆ ಮತ್ತೇನನ್ನೂ ದಾಟಗೊಡುತ್ತಿರಲಿಲ್ಲ.

ಪೇಂಟರ್ ಜಾಫರಸಾಬ ಮನೆಯ ಮುಂದೆ ಕೂತು ಭೀಮಗೊಂಡನ ಬಿಳಿ ಜೀಪಿನ ಬಾಗಿಲಿಗೆ ಕೆಂಪು ಕ್ರಾಸ್ ಬರೆಯುತ್ತಿದ್ದ. ಇದು ಮುಯ್ಯಿಯ ಕೆಲಸ. ಮಳೆಗಾಲಕ್ಕೆ ಮೊದಲು ಭೀಮಗೊಂಡ ತನ್ನ ಟ್ರ್ಯಾಕ್ಟರ್ ತಂದು ಜಾಫರಸಾಬನ ಹೊಲ ಹರಗಿ ಕೊಟ್ಟಿದ್ದ. ಅಂಥದಕ್ಕೆ ರೊಕ್ಕ ಕೇಳುವ ರೂಢಿಯಿಲ್ಲ. ಕರೆದ ದಿನ ಹೋಗಿ ದುಡಿದು ತೀರಿಸಬೇಕು. ಈಗ ಭೀಮಗೊಂಡ ಕರೆದಿದ್ದ. ಅವನ ಕಬ್ಬು ಕಡಿಯುವ ಗ್ಯಾಂಗು ರಸ್ತೆಯ ಆಚೆ ಸಿಕ್ಕಿಕೊಂಡಿತ್ತು. ಬೇರೆಯವರು ಎಳೆದುಕೊಳ್ಳುವ ಮೊದಲೇ ಅಂಬುಲೆನ್ಸ್ ವೇಷದ ಜೀಪಿನಲ್ಲಿ ಅವರನ್ನು ತರಬೇಕೆಂಬುದು ಅವನ ಹಂಚಿಕೆ.

ಒಳಗೆ ಹೆಂಡತಿ ಹಾಜಿರಾಬಿ ಮಗಳು ತಬಸ್ಸುಮಳ ಸೊಂಟ ತಿಕ್ಕುತ್ತಿದ್ದಳು. ಹೆರಿಗೆಗೆ ಬಂದ ಮಗಳಿಗೆ ದಿನ ತುಂಬಿದ್ದವು. ದವಾಖಾನೆ ಇದ್ದದ್ದು ನಿಪ್ಪಾಣಿಯಲ್ಲಿ.

ಡೇರಿಗೆ ಹಾಲು ಹಾಕಿ ಬರುತ್ತಿದ್ದ ಬಾಬಾಸಾಹೇಬ ಜೀಪು ಕಂಡು ನಿಂತ. ಮಿಲಿಟರಿಯಲ್ಲಿ ಅಂಬುಲೆನ್ಸ್ ಹೊಡೆದು ರಿಟೈರ್ ಆದವನು.

"ಏನ ಪೇಂಟರ, ದವಾಖಾನಿ ತಗದ್ಯೇನು?"

"ಗೌಡ್ರ ಗ್ಯಾಂಗಿಗ್ರಿ ಕಾಕಾ," ಎಂದು ಜಾಫರಸಾಬ ನಗುತ್ತ ಎಲ್ಲ ಹೇಳಿದ.

ಬಾಬಾಸಾಹೇಬ ನಗಲಿಲ್ಲ. "ಅಳಸ ಅದನ್ನ."

"ಯಾಕ್ರಿ? ಯಾರಿಗೇನ ಲುಕ್ಸಾನ?"

ಬಾಬಾಸಾಹೇಬ ಹಾಲಿನ ಕ್ಯಾನು ಕೆಳಗಿಟ್ಟ. "ಆಫ್ರಿಕಾದಾಗ ಶಾಂತಿಪಡಿ ಗಾಡಿ ಹೊಡೀತಿದ್ನಲ್ಲಾ? ಯುದ್ಧಕ್ಕೂ ಒಂದ ಕಾಯ್ದೆ ಐತಿ. ಈ ಗುರುತಿನ ಗಾಡಿಗಿ ಯಾರೂ ಗುಂಡ ಹೊಡೀಬಾರದು. ಒಳಗ ಮಲಗಿದಾಂವ ಯಾವ ಕಡಿಯಾಂವರೆ ಇರಲಿ. ನಮ್ಮ ಗಾಡಿ ಕಂಡರ ಎರಡೂ ಕಡಿಯಾವರು ಬಂದೂಕ ಕೆಳಗ ಮಾಡತಿದ್ರು. ಒಮ್ಮಿ ಒಂದ ಗುಂಪು ಇದ ಗುರುತ ಬರಕೊಂಡು, ಒಳಗ ಬಂದೂಕ ತುಂಬಕೊಂಡು ದಾಟಿತು. ಮರದಿನ ಹೊಟ್ಟೀಗಿ ಗುಂಡ ಬಿದ್ದಾಂವನ ಹಾಕ್ಕೊಂಡು ನಾ ಹೋದೆ. ನಾಕಾದಾಗ ನಿಂತಾವರು ನಂಬಲಿಲ್ಲ. ಅವನ್ನ ಬಿಸಲಾಗ ಇಳಿಸಿ ಗಾಡಿ ಎಲ್ಲಾ ಹುಡಕಿದ್ರು."

"ಮುಂದ?"

"ತಡಾ ಆತು," ಎಂದು ಬಾಬಾಸಾಹೇಬ ಕ್ಯಾನು ಎತ್ತಿಕೊಂಡ.

ಹಾಜಿರಾಬಿ ಬಾಗಿಲಿಗೆ ಬಂದು ನಿಂತಿದ್ದಳು. "ಗೌಡ್ರ ಜೀಪ ಸಿಕ್ಕಬಿದ್ರ, ಆಮ್ಯಾಲ ನಮ್ಮ ಹುಡುಗೀನೂ ಹಿಂಗ ಅಂಬುಲೆನ್ಸದಿಂದ ಇಳಿಸಿ ನೋಡತಾರಲ್ಲ?"

ಜಾಫರಸಾಬ ಬ್ರಶ್ ಕೆಳಗಿಟ್ಟ. ಅರಿವೆಗೆ ಥಿನ್ನರ್ ಸುರಿದುಕೊಂಡು ಹಸಿ ಬಣ್ಣ ಒರೆಸತೊಡಗಿದ. ಎಷ್ಟು ತಿಕ್ಕಿದರೂ ಬಾಗಿಲ ಮೇಲೆ ತಿಳಿಗೆಂಪು ಕಲೆ ಉಳಿಯಿತು.

ಭೀಮಗೊಂಡ ಬಂದವನೇ ಕೂಗಾಡಿದ. "ಏನಲೇ ಜಾಫರ, ಬರೀ ಅಂದ್ರ ತೊಳದ ಇಟ್ಟೀದಿ? ಮುಯ್ಯಿ ಹಂಗ ಉಳೀತ ನೋಡು!"

"ಉಳೀಲಿ ಬಿಡ್ರಿ ಗೌಡ್ರ. ಬ್ಯಾರೆ ಕೆಲಸಕ್ಕ ಕರೀರಿ, ಬರತೀನಿ."

"ಮತ್ಯಾವ ಕೆಲಸ? ಕಬ್ಬ ಕಡೀತಿ?"

"ಕಡೀತೀನ್ರಿ."

"ಬ್ರಶ್ ಹಿಡಿಯೂ ಕೈ! ಕೊಯ್ತಾ ಹಿಡದ್ರ ಕಬ್ಬ ನಗತಾವು," ಎಂದು ಭೀಮಗೊಂಡ ಜೀಪು ತಿರುಗಿಸಿಕೊಂಡು ಹೋದ.

ಎರಡು ದಿನಕ್ಕೆ, ಮಧ್ಯಾಹ್ನ, ತಬಸ್ಸುಮಳಿಗೆ ಬ್ಯಾನೆ ಸುರುವಾಯಿತು. ಫೋನು ಮಾಡಿದ ಮೇಲೆ ಅಂಬುಲೆನ್ಸ್ ಬಂತು. ನಿಪ್ಪಾಣಿ ರಸ್ತೆಯಲ್ಲಿ ಗಾಡಿ ನಿಧಾನವಾದಾಗ ಜಾಫರಸಾಬ ಮಗಳ ಕೈ ಬಿಗಿಯಾಗಿ ಹಿಡಿದ. ಹೊರಗೆ ಯಾರೋ "ಏ, ಬಾಜೂಲಾ ವ್ಹಾ!" ಎಂದು ಮರಾಠಿಯಲ್ಲಿ ಪಕ್ಕಕ್ಕೆ ಸರಿಯಲು ಕೂಗಿ ಹೇಳಿದರು. ನಾಲ್ಕು ಜನ ಎತ್ತಿನಗಾಡಿಯ ನೊಗ ಎತ್ತಿ ಪಕ್ಕಕ್ಕೆ ಎಳೆದರು. ಯಾರೂ ಒಳಗೆ ಇಣುಕಲಿಲ್ಲ. ಸಂಜೆ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು.

ದರ ನಿಗದಿಯಾಗಿ ರಸ್ತೆ ತೆರೆಯುವಷ್ಟರಲ್ಲಿ ಭೀಮಗೊಂಡನ ಗ್ಯಾಂಗು ಐನಾಪುರದ ಕಡೆ ಹೋಗಿಬಿಟ್ಟಿತ್ತು. ಅವನು ಕಬ್ಬು ಕಡಿಯಲು ಬಾ ಎಂದು ಹೇಳಿ ಕಳಿಸಿದ. ಜಾಫರಸಾಬ ಕಬ್ಬು ಕಡಿಯುವ ಕೊಯ್ತಾ ಹಿಡಿದು ಇಬ್ಬನಿಯಲ್ಲೇ ಹೋದ. ಬಿಸಿಲೇರುವಷ್ಟರಲ್ಲಿ ಅಂಗೈ ತುಂಬ ಬೊಬ್ಬೆಗಳು ಎದ್ದಿದ್ದವು.

ಭೀಮಗೊಂಡ ಅವನ ಹಿಂದೆ ಉಳಿದ ಕೂಳೆ ನೋಡಿ ಹಣೆ ಬಡಿದುಕೊಂಡ. "ಇಷ್ಟ ಎತ್ತರಕ್ಕ ಕಡದ್ರ ಸಕ್ಕರಿ ಎಲ್ಲಾ ಹೊಲದಾಗ ಉಳೀತಲೋ! ಬುಡಕ್ಕ ಹಾಕು."

ಜಾಫರಸಾಬ ಇನ್ನಷ್ಟು ಬಗ್ಗಿದ.

"ಕೂಸು ಹೆಂಗ ಐತಿ?"

"ಆರಾಮ ಐತ್ರಿ ಗೌಡ್ರ."

ಭೀಮಗೊಂಡ ಕೂಳೆಯ ಸಾಲನ್ನು ಮತ್ತೊಮ್ಮೆ ನೋಡಿದ. "ಸಂಜೀತನಾ ಕಡದ ಮನೀಗಿ ಹೋಗು. ಮುಯ್ಯಿ ತೀರಿತು. ನಾಳಿ ಮಾತ್ರ ಬರಬ್ಯಾಡ ಮಾರಾಯಾ, ಉಳದ ಕಬ್ಬರೆ ಉಳೀಲಿ."