ದಾನಮ್ಮನ ಮನೆಯ ಸಾಣಿಗೆ

ನಾನು ಒಂದು ಸಾಣಿಗೆ. ಮೈಸೂರು ಕಡೆಯವರು ನನ್ನನ್ನು ಜರಡಿ ಎನ್ನುತ್ತಾರಂತೆ. ನಾನು ಹುಟ್ಟಿದ ಗದಗದಲ್ಲಿ ನಾನು ಸಾಣಿಗೆಯೇ. ಹಿಟ್ಟನ್ನು ಕೆಳಗೆ ಬಿಟ್ಟು ತೌಡನ್ನು ಮೇಲೆ ಹಿಡಿದುಕೊಳ್ಳುವುದು ನನ್ನ ಕೆಲಸ. ಅದರ ಹೊರತು ನನಗೆ ಬೇರೆ ಏನೂ ಬರುವುದಿಲ್ಲ.

ತಗಡಿನ ಕೆಲಸದ ಮೌಲಾಸಾಬರು ನನ್ನನ್ನು ಮಾಡಿದರು. ಹಳೆಯ ಎಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ ಬಳೆಯಂತೆ ಬಗ್ಗಿಸಿದರು. ತಳಕ್ಕೆ ಹಿತ್ತಾಳೆ ತಂತಿಯ ಬಲೆ ಬಿಗಿದು, ಅಂಚನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮಡಚಿದರು. ಅಂಗಡಿಯ ಬಾಗಿಲಿಗೆ ತೂಗುಹಾಕಿದ ಮೂರನೆಯ ದಿನ ಬೆಟಗೇರಿಯ ನೇಕಾರ ಓಣಿಯ ಗುರವ್ವ ಬಂದು ನನ್ನನ್ನು ಬೆಳಕಿಗೆ ಹಿಡಿದು ನೋಡಿದಳು.

“ಸಣ್ಣ ಬಲಿ ಐತೇನು?” ಎಂದಳು.

“ತವಡು ಒಂದು ಚೂರೂ ಕೆಳಗ ಇಳ್ಯಂಗಿಲ್ಲ, ತಗೊಂಡು ಹೋಗ್ರಿ” ಎಂದರು ಮೌಲಾಸಾಬರು.

ಗುರವ್ವನ ಅಡುಗೆಮನೆಯಲ್ಲಿ ನನ್ನ ಜಾಗ ಒಲೆಯ ಎದುರಿನ ಮೊಳೆ. ಅಲ್ಲಿಂದ ನನಗೆ ಮನೆಯವರ ನೆತ್ತಿ, ಕೈ, ಊಟದ ತಾಟು ಕಾಣುತ್ತಿದ್ದವು. ಮನೆಯಲ್ಲಿ ಎರಡು ಮಗ್ಗ ಇದ್ದವು. ಬೆಳಕು ಹರಿಯುವ ಮೊದಲೇ ಗಂಡಸರು ಮಗ್ಗದ ಗುಂಡಿಗಿಳಿದು ಲಾಳಿ ಎಳೆಯುತ್ತಿದ್ದರು. ಗುರವ್ವ ಗೋದಿ ಹಿಟ್ಟನ್ನು ನನ್ನಲ್ಲಿ ಸಾಣಿಸಿ, ಕೆಳಗಿಳಿದ ಬಿಳಿ ಹಿಟ್ಟಿನಿಂದ ಗಂಡಸರಿಗೆ ಚಪಾತಿ ಮಾಡುತ್ತಿದ್ದಳು. ನನ್ನ ಮೇಲೆ ಉಳಿದ ತೌಡಿಗೆ ಒಂದು ಹಿಡಿ ಜೋಳದ ಹಿಟ್ಟು ಬೆರೆಸಿ ಹೆಂಗಸರಿಗೆ ರೊಟ್ಟಿ ತಟ್ಟುತ್ತಿದ್ದಳು. ಅವಳು ಕೆಟ್ಟವಳಲ್ಲ. ತಾನೂ ಅದನ್ನೇ ತಿನ್ನುತ್ತಿದ್ದಳು. ಅವಳ ಅತ್ತೆಯೂ ಹಾಗೇ ಮಾಡಿದ್ದಳು.

ಆ ಮನೆಗೆ ದಾನಮ್ಮ ಸೊಸೆಯಾಗಿ ಬಂದಾಗ ಅವಳಿಗೆ ಹದಿನೇಳು. ಮೊದಲ ದಿನ ತೌಡಿನ ರೊಟ್ಟಿಯನ್ನು ಮುರಿದು ಬಾಯಿಗಿಟ್ಟವಳು ನುಂಗಲಾರದೆ ನೀರು ಕುಡಿದಳು. ಗುರವ್ವ, “ಹೊಟ್ಟಿ ಗಟ್ಟಿ ಹಿಡಿತೈತಿ, ತಿನ್ನವಾ. ಮತ್ತ ಹಸಿವು ಆಗಂಗಿಲ್ಲ” ಎಂದಳು. ದಾನಮ್ಮ ತಿಂದಳು. ದಿನ ಕಳೆದಂತೆ ಅವಳ ಬಾಯಿಗೆ ಅದು ಒಗ್ಗಿತು. ಮನಸ್ಸಿಗೆ ಒಗ್ಗಲಿಲ್ಲ.

ನಾಗರ ಪಂಚಮಿಗೆ ತವರಿಗೆ ಕರೆಯಲು ಅವಳ ಅಣ್ಣ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಗುರವ್ವ ಅವನಿಗೆ ಬಿಳಿ ಚಪಾತಿ, ತುಪ್ಪ, ಬೆಲ್ಲ ಬಡಿಸಿದಳು. ಅಣ್ಣ, “ತಂಗಿನೂ ಕುಂದ್ರಲಿ” ಎಂದ. ದಾನಮ್ಮ ತನ್ನ ತಾಟನ್ನು ಸೆರಗಿನ ಮರೆಗೆ ಎಳೆದುಕೊಂಡಳು. ಅವನು ಸೆರಗು ಸರಿಸಿ ನೋಡಿದ.

“ಇದನ್ನ ತಿಂತೀ ಏನವಾ ನೀನು? ನಮ್ಮ ಮನ್ಯಾಗ ಇದನ್ನ ಎಮ್ಮಿಗೆ ಇಡತೇವಿ.”

ಅಣ್ಣ ಅರ್ಧ ಊಟಕ್ಕೆ ಕೈತೊಳೆದು ಎದ್ದ. ಆ ಪಂಚಮಿಗೆ ದಾನಮ್ಮ ತವರಿಗೆ ಹೋಗಲಿಲ್ಲ.

ಗುರವ್ವ ತೀರಿಕೊಂಡ ಮೇಲೆ ನಾನು ದಾನಮ್ಮನ ಕೈಗೆ ಬಂದೆ. ಅಷ್ಟರಲ್ಲಿ ಅವಳಿಗೆ ಒಬ್ಬಳು ಮಗಳು ಹುಟ್ಟಿದ್ದಳು, ಶಶಿಕಲಾ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ದಾನಮ್ಮ ಹಿಟ್ಟು ಸಾಣಿಸುತ್ತಿದ್ದಳು. ಒಮ್ಮೆ ಸಾಣಿಸಿದ್ದನ್ನೇ ಮತ್ತೊಮ್ಮೆ ಸಾಣಿಸುತ್ತಿದ್ದಳು. ತೌಡನ್ನು ಮುಟ್ಟದೆ, ನನ್ನನ್ನು ಹಿತ್ತಲಿಗೆ ಒಯ್ದು ಪಕ್ಕದ ಮನೆಯ ಚೆಂಬವ್ವನ ಎಮ್ಮೆಯ ಮುಸುರೆ ತೊಟ್ಟಿಗೆ ಬೋರಲು ಹಾಕಿ ಬಡಿಯುತ್ತಿದ್ದಳು. “ನನ್ನ ಮಗಳ ತಾಟಿಗೆ ಇದು ಬರಬಾರದು” ಎಂದು ಒಬ್ಬಳೇ ಹೇಳಿಕೊಂಡದ್ದನ್ನು ನಾನು ಕೇಳಿದ್ದೇನೆ.

ಮಗಳು ಏಳನೆಯ ಇಯತ್ತೆಯಲ್ಲಿದ್ದಾಗ ದಾನಮ್ಮನ ಗಂಡ ತೀರಿಕೊಂಡ. ಮಗ್ಗಗಳೂ ಹೋದವು. ದಾನಮ್ಮ ಊರವರ ಮದುವೆ ಮುಂಜಿಗಳಿಗೆ ಹೋಳಿಗೆ, ಚಪಾತಿ ಮಾಡಿಕೊಟ್ಟು ಮಗಳನ್ನು ಓದಿಸಿದಳು. ದಾನಮ್ಮನ ಹೋಳಿಗೆ ಎಂದರೆ ಓಣಿಯಲ್ಲಿ ಹೆಸರು. ಅದು ಬೆಳ್ಳಗೆ, ತೆಳ್ಳಗೆ, ಹಲ್ಲಿಲ್ಲದವರೂ ತಿನ್ನುವಷ್ಟು ಮೆತ್ತಗೆ ಇರುತ್ತಿತ್ತು. ಆ ಹೆಸರಿನಲ್ಲಿ ನನ್ನ ಪಾಲೂ ಇತ್ತು. ಆಗ ನನಗೆ ಹೆಮ್ಮೆಯೇ ಇತ್ತು.

ಶಶಿಕಲಾ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. ತಾಯಿ ಬಡಿಸಿದ್ದನ್ನು ಬೇಡವೆನ್ನದೆ ಬೆಳೆದ ಹುಡುಗಿ. ಬೆಳಿಗ್ಗೆ ಐದು ಚಪಾತಿ ತಿಂದರೂ ಹನ್ನೊಂದಕ್ಕೆ ಹಸಿವು ಎನ್ನುತ್ತಿದ್ದಳು. ದಾನಮ್ಮ ಡಬ್ಬಿಯಲ್ಲಿ ಅವಲಕ್ಕಿಯನ್ನೋ ಶಂಕರಪೋಳಿಯನ್ನೋ ಹಾಕಿ ಕಳಿಸುತ್ತಿದ್ದಳು. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಮೂರನೆಯ ಸಲ ಅವಳೇ ಬೇಡವೆಂದಳು. ಮೂವತ್ತಾರು ತುಂಬುವ ಹೊತ್ತಿಗೆ ಶಾಲೆಯ ಮೆಟ್ಟಿಲ ಮೇಲೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳಂತೆ. ಮೈತೂಕ ತೊಂಬತ್ತಾರು ಕಿಲೋ ಆಗಿತ್ತು. ಸಕ್ಕರೆ ಕಾಯಿಲೆಯೂ ಶುರುವಾಗಿತ್ತು.

ದವಾಖಾನೆಯಿಂದ ಬಂದ ಸಂಜೆ ಅವಳು ಒಲೆಯ ಮುಂದೆ ಕುಳಿತು, ಅಲ್ಲಿ ಪಥ್ಯ ಹೇಳುವ ಹೆಣ್ಣುಮಗಳು ಬರೆದುಕೊಟ್ಟ ಚೀಟಿಯನ್ನು ತಾಯಿಗೆ ಓದಿ ಹೇಳಿದಳು.

“ಹಿಟ್ಟು ಸಾಣಿಸಬಾರದಂತ ಅವ್ವ. ತವಡಿನಾಗ ನಾರಿನಂಶ ಇರತೈತಂತ. ಅದು ಇದ್ರ ಸ್ವಲ್ಪ ತಿಂದ್ರೂ ಹೊಟ್ಟಿ ತುಂಬತೈತಿ, ಬಾಳ ಹೊತ್ತು ಹಸಿವು ಆಗಂಗಿಲ್ಲ, ರಕ್ತದಾಗ ಸಕ್ಕರಿ ಒಮ್ಮೆಲೆ ಏರಂಗಿಲ್ಲ ಅಂದ್ರು. ಸಿಪ್ಪಿ ಸಮೇತ ಕಾಳು ತಿನ್ನಬೇಕು, ತಪ್ಪಲ ಪಲ್ಯಾ ತಿನ್ನಬೇಕು, ನೀರು ಬಾಳ ಕುಡೀಬೇಕು. ದಿನಾ ನಡೀಬೇಕು. ಗುಳಗಿ ತಪ್ಪಿಸಬಾರದು. ಒಂದ ದಿನದಾಗ ಆಗೂದಲ್ಲ, ಆರು ತಿಂಗಳ ನೋಡೂಣು ಅಂದ್ರು.”

ದಾನಮ್ಮ ಒಲೆಯ ಉರಿ ಸರಿಮಾಡುತ್ತ, “ಹೂಂ” ಎಂದಳು.

“ಆ ಸಾಣಿಗಿ ಅಟ್ಟದ ಮ್ಯಾಲೆ ಇಡು.”

ದಾನಮ್ಮ ಇಟ್ಟಳು. ಸೋಮವಾರ ಗಿರಣಿಯಿಂದ ಹಿಟ್ಟು ಬಂತು. ಮಗಳು ಶಾಲೆಗೆ ಹೋದ ಮೇಲೆ ದಾನಮ್ಮ ಡಬ್ಬಿ ತೆರೆದು ಬಹಳ ಹೊತ್ತು ನೋಡಿದಳು. ಕಂದು ಬಣ್ಣದ ಹಿಟ್ಟಿನಲ್ಲಿ ಕೈಯಾಡಿಸಿದಳು. ಆಮೇಲೆ ಏಣಿ ಇಟ್ಟು ನನ್ನನ್ನು ಇಳಿಸಿದಳು.

ನನಗೆ ಬಾಯಿ ಇದ್ದಿದ್ದರೆ ಆಗ ಕೂಗುತ್ತಿದ್ದೆ. ಇರಲಿಲ್ಲ. ಅವಳು ಅಲ್ಲಾಡಿಸಿದಳು, ನಾನು ತೌಡನ್ನು ಹಿಡಿದುಕೊಂಡೆ.

ಆರು ತಿಂಗಳು ಪ್ರತಿ ಸೋಮವಾರ ಹೀಗೇ ನಡೆಯಿತು. ಮಗಳು ಬರುವ ಮೊದಲೇ ನಾನು ಮತ್ತೆ ಅಟ್ಟ ಸೇರುತ್ತಿದ್ದೆ. ಸಾಣಿಸಿದ ಹಿಟ್ಟನ್ನು ಡಬ್ಬಿಗೆ ತುಂಬಿ, ಮೇಲೆ ಎರಡು ಚಿಟಿಕೆ ತೌಡು ಉದುರಿಸುತ್ತಿದ್ದಳು. ಚಪಾತಿಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕೆ ಕಾಣಬೇಕಲ್ಲ. ಹೆಸರುಕಾಳನ್ನು ನೆನೆಸಿ, ಉಜ್ಜಿ, ಸಿಪ್ಪೆ ತೇಲಿಸಿ ಚೆಲ್ಲುತ್ತಿದ್ದಳು. ಚೆಂಬವ್ವನ ಎಮ್ಮೆ ಮಾತ್ರ ಚೆನ್ನಾಗಿ ತಿಂದಿತು.

ಶಶಿಕಲಾ ತನ್ನ ಕಡೆಯಿಂದ ಏನೂ ಕಡಿಮೆ ಮಾಡಲಿಲ್ಲ. ಐದು ಚಪಾತಿಯನ್ನು ಎರಡಕ್ಕೆ ಇಳಿಸಿದಳು. ಸಂಜೆ ಕೆರೆಯ ದಂಡೆಯವರೆಗೆ ನಡೆದು ಬೆವತು ಬರುತ್ತಿದ್ದಳು. ಆದರೆ ಆ ಎರಡು ಬಿಳಿ ಚಪಾತಿ ಎಷ್ಟು ಹೊತ್ತು ಹೊಟ್ಟೆಯಲ್ಲಿ ನಿಂತಾವು? ಹನ್ನೊಂದು ಗಂಟೆಗೆ ಕೈಕಾಲು ನಡುಗುತ್ತಿದ್ದವಂತೆ. ಶಿಕ್ಷಕರ ಕೋಣೆಯಲ್ಲಿ ಬಿಸ್ಕಿಟ್ ಪೊಟ್ಟಣ ಒಡೆದರೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಮನೆಗೆ ಬಂದು ತಾಯಿಯ ಮುಂದೆ ಅದನ್ನೆಲ್ಲ ಒಪ್ಪಿಸುತ್ತಿದ್ದಳು.

“ಎಲ್ಲಾರಿಗೂ ಆಗತೈತಿ, ನನಗ ಒಬ್ಬಾಕಿಗೇ ಆಗವಲ್ತು ಅವ್ವ. ನನ್ನ ಬಾಯಿ ನನ್ನ ಮಾತು ಕೇಳವಲ್ತು.”

“ಹೋಗಲಿ ಬಿಡವಾ” ಎನ್ನುತ್ತಿದ್ದಳು ದಾನಮ್ಮ. ಹಾಗೆನ್ನುವಾಗ ಮಗಳ ಮುಖ ನೋಡುತ್ತಿರಲಿಲ್ಲ.

ಆರು ತಿಂಗಳಿಗೆ ತೂಕ ಒಂದು ಕಿಲೋ ಏರಿತ್ತು. ಸಕ್ಕರೆಯೂ ಏರಿತ್ತು. ಆವತ್ತು ಬಂದವಳು ಚೀಟಿಯನ್ನು ಹರಿದು ಒಲೆಗೆ ಹಾಕಿದಳು. ನಡೆಯುವುದನ್ನು ಬಿಟ್ಟಳು. ಸ್ವಲ್ಪ ದಿನಕ್ಕೆ ಗುಳಿಗೆಯನ್ನೂ ಬಿಟ್ಟಳು. ದವಾಖಾನೆಯ ಕಡೆ ಮುಖ ಹಾಕಲಿಲ್ಲ. ದಾನಮ್ಮ ಆಗಲೂ ಬಾಯಿ ಬಿಡಲಿಲ್ಲ. ಈಗ ಹೇಳಿದರೆ ಮಗಳು ಏನು ತಿಳಿಯುತ್ತಾಳೋ ಎಂಬ ಭಯ ಅವಳನ್ನು ಕಟ್ಟಿಹಾಕಿತ್ತು.

ಮುಂದಿನ ಬೇಸಿಗೆಯಲ್ಲಿ ಹೊಸ ಚಪ್ಪಲಿ ಶಶಿಕಲಾಳ ಎಡಗಾಲಿನ ಕಿರುಬೆರಳನ್ನು ಕಚ್ಚಿತು. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶಜ್ಞಾನವೇ ಕಡಿಮೆಯಾಗಿತ್ತು, ಅವಳಿಗೆ ನೋವು ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಬೆರಳು ಕಪ್ಪಾಗಿತ್ತು. ತಾಯಿ ಮಗಳು ದವಾಖಾನೆ ಸೇರಿದರು, ಮನೆಗೆ ಬೀಗ ಬಿತ್ತು. ಮೂರು ವಾರ ನಾನು ಅಟ್ಟದ ಮೇಲೆ ಕತ್ತಲಲ್ಲಿದ್ದೆ. ಬೀಗ ತೆಗೆದಾಗ ಶಶಿಕಲಾ ಕೋಲು ಹಿಡಿದು ಒಳಗೆ ಬಂದಳು. ಕಾಲಿನ ಪಟ್ಟಿಯ ಒಳಗೆ ಒಂದು ಬೆರಳು ಇರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ದಾನಮ್ಮ ಏಣಿ ತಂದಳು. ನನ್ನನ್ನು ಇಳಿಸಿ, ಮಗಳ ಮುಂದೆ ನೆಲದ ಮೇಲಿಟ್ಟಳು. ನನ್ನ ಅಂಚಿಗೆ ಹಳೆಯ ಹಿಟ್ಟು ಇನ್ನೂ ಅಂಟಿತ್ತು.

“ವಾರಾ ವಾರಾ ಸಾಣಿಸೀನಿ” ಎಂದಳು ದಾನಮ್ಮ. “ನೀ ಬ್ಯಾಡ ಅಂದ ಮ್ಯಾಲೂ ಸಾಣಿಸೀನಿ.”

ಶಶಿಕಲಾ ನನ್ನನ್ನು ನೋಡಿದಳು. ತಾಯಿಯನ್ನು ನೋಡಿದಳು.

“ಯಾಕ?”

“ನಿನ್ನ ತಾಟಿನಾಗ ಅದನ್ನ ಹಾಕಾಕ ಕೈ ಬರಲಿಲ್ಲ.” ದಾನಮ್ಮ ಅಲ್ಲೇ ಕುಸಿದು ಕುಳಿತಳು. ಸೆರಗಿನ ಮರೆಯ ತಾಟು, ಅಣ್ಣನ ಮಾತು, ಅವನು ಅರ್ಧಕ್ಕೆ ಎದ್ದು ಹೋದದ್ದು, ಎಲ್ಲವನ್ನೂ ಹೇಳಿದಳು. ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಶಶಿಕಲಾ ಕೇಳಿ ಮುಗಿಸಿದಳು. ಅಳಲಿಲ್ಲ, ದನಿ ಏರಿಸಲೂ ಇಲ್ಲ.

“ಬೆರಳು ಚಪಾತಿ ಒಂದರಿಂದನ ಹೋಗಿಲ್ಲ, ಅವ್ವ. ಡಾಕ್ಟರೂ ಹಂಗ ಅಂದಾರ. ಗುಳಗಿ ಬಿಟ್ಟಾಕಿ ನಾನು, ನಡ್ಯೂದು ಬಿಟ್ಟಾಕಿ ನಾನು. ಆದ್ರ ಆರು ತಿಂಗಳ ನಾ ನನ್ನನ್ನ ಬೈಕೊಂಡೆ. ಬಾಯಿ ಕಟ್ಟಾಕ ಆಗದಾಕಿ ಅಂತ, ಒಂದು ಕೆಲಸಕ್ಕ ಬಾರದಾಕಿ ಅಂತ. ನೀ ಇಲ್ಲೇ ಕುಂತು ಕೇಳಿದಿ.”

ದಾನಮ್ಮ ನನ್ನ ಅಂಚಿಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯತೊಡಗಿದಳು.

ನಾನು ಮತ್ತೆ ಅಟ್ಟ ಸೇರಿದೆ. ಅಂದಿನಿಂದ ಆ ಅಡುಗೆಮನೆಯಲ್ಲಿ ಎರಡು ಹಿಟ್ಟಿನ ಡಬ್ಬಿಗಳಾದವು, ತಾಯಿಯದೊಂದು, ಮಗಳದೊಂದು. ಶಶಿಕಲಾ ತನ್ನ ರೊಟ್ಟಿಯನ್ನು ತಾನೇ ತಟ್ಟಿಕೊಂಡಳು, ಸಾಣಿಸದ ಹಿಟ್ಟಿನಿಂದ. ಮೆಂತ್ಯ ತಪ್ಪಲ, ಹುರುಳಿಕಾಳು, ಹಸಿ ಸೌತೆಕಾಯಿ ತಾಟಿಗೆ ಬಂದವು. ಮೊದಲ ವಾರ ಆಸೆಬಿದ್ದು ಹೆಚ್ಚು ತಿಂದು ಹೊಟ್ಟೆ ಉಬ್ಬರಿಸಿ ಮಲಗಿದಳು. ಆಮೇಲೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿಕೊಂಡಳು. ತಂಬಿಗೆ ನೀರು ಪಕ್ಕದಲ್ಲೇ ಇರುತ್ತಿತ್ತು. ಗುಳಿಗೆಗೆ ಗಡಿಯಾರ ನೋಡುತ್ತಿದ್ದಳು. ಹನ್ನೊಂದು ಗಂಟೆಯ ಹಸಿವಿನ ಮಾತು ಮನೆಯಲ್ಲಿ ನಿಂತಿತು. ಉಟ್ಟ ಸೀರೆಯ ನಿರಿಗೆಗಳು ಹೆಚ್ಚಾಗುತ್ತಿದ್ದುದು ನನಗೆ ಕಾಣುತ್ತಿತ್ತು. ಒಂದು ವರ್ಷಕ್ಕೆ ಎಂಟು ಕಿಲೋ ಇಳಿದಳು. ಆ ಸುದ್ದಿ ದಾನಮ್ಮನಿಗೆ ಚೆಂಬವ್ವನಿಂದ ತಿಳಿಯಿತು. ಮಗಳು ಹೇಳಿರಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆಬೇರೆ ಗೋಡೆಗೆ ಒರಗಿ ಊಟ ಮಾಡುತ್ತಿದ್ದರು. ಉಪ್ಪು ಕೊಡು, ನೀರು ಕೊಡು ಎಂಬಷ್ಟೇ ಮಾತು ಇತ್ತು.

ಒಂದು ಬೆಳಿಗ್ಗೆ ದಾನಮ್ಮ ತನ್ನ ಡಬ್ಬಿಯ ಮುಂದೆಯೇ ಒಂದು ಕಡೆಗೆ ವಾಲಿ ಬಿದ್ದಳು. ಬಲಗೈ ಸೋತಿತು. ಮಾತು ತೊದಲಿತು. ದವಾಖಾನೆಯಿಂದ ಕರೆತಂದ ಮೇಲೆ ಅಡುಗೆಮನೆಯ ಬಾಗಿಲಿಗೆ ಹತ್ತಿರವೇ ಅವಳ ಮಂಚ ಹಾಕಿದರು. ನುಂಗುವುದೇ ಕಷ್ಟ, ಒಂದು ತರಿ ಸಿಕ್ಕರೂ ಕೆಮ್ಮಿ ಉಸಿರು ಕಟ್ಟುತ್ತದೆ, ನುಣ್ಣಗಿನ ದಪ್ಪ ಗಂಜಿಯನ್ನಷ್ಟೇ ಕೊಡಬೇಕು ಎಂದು ಡಾಕ್ಟರು ಹೇಳಿದ್ದರಂತೆ.

ಶಶಿಕಲಾ ಏಣಿ ಹತ್ತಿದಳು. ಬೆರಳಿಲ್ಲದ ಕಾಲನ್ನು ಒಂದೊಂದು ಮೆಟ್ಟಿಲಿಗೂ ಜೋಪಾನವಾಗಿ ಇಟ್ಟು ಹತ್ತಿದಳು. ನನ್ನನ್ನು ಇಳಿಸಿ, ತೊಳೆದು, ಬಿಸಿಲಿಗೆ ಒಣಗಿಸಿ, ಹಿಟ್ಟು ಹಾಕಿ ಅಲ್ಲಾಡಿಸಿದಳು. ಆ ಸದ್ದು ಮಂಚದವರೆಗೆ ಹೋಗಿರಬೇಕು.

“ಬ್ಯಾಡ” ಎಂದಿತು ದಾನಮ್ಮನ ತೊದಲು ದನಿ. “ಸಾಣಿಸಬ್ಯಾಡ... ಶಶಿ.”

“ಇದು ನಿನಗ, ಅವ್ವ.”

ದಾನಮ್ಮ ಮತ್ತೆ ಏನೋ ಹೇಳಲು ಹೋದಳು. ನಾಲಿಗೆ ಹೊರಳಲಿಲ್ಲ. ಶಶಿಕಲಾ ಗಂಜಿ ಆರಿಸಿ, ತಾಯಿಯ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡು, ಚಮಚದಿಂದ ಕುಡಿಸಿದಳು. ತುಟಿಯ ಒಂದು ಕಡೆಯಿಂದ ಇಳಿದದ್ದನ್ನು ಸೆರಗಿನಿಂದ ಒರೆಸಿದಳು. ನಲವತ್ತು ದಿನ ಹೀಗೆ ನಡೆಯಿತು. ನಲವತ್ತೊಂದನೆಯ ದಿನ ಗಂಜಿ ಪಾತ್ರೆಯಲ್ಲೇ ಆರಿತು.

ಈಗ ನಾನು ಮತ್ತೆ ಅಟ್ಟದ ಮೇಲಿದ್ದೇನೆ. ತಗಡಿಗೆ ತುಕ್ಕು ಹಿಡಿದಿದೆ. ಕೆಳಗೆ ಶಶಿಕಲಾ ಒಬ್ಬಳೇ ರೊಟ್ಟಿ ತಟ್ಟುವ ಸದ್ದು ಬೆಳಿಗ್ಗೆ ಕೇಳುತ್ತದೆ. ಒಂದು ಕಾಲು ಗಟ್ಟಿಯಾಗಿ, ಒಂದು ಕಾಲು ಮೆತ್ತಗೆ ಊರುತ್ತ ಅವಳು ಶಾಲೆಗೆ ಹೋಗುವುದೂ ಕೇಳುತ್ತದೆ. ನಾನು ಎಷ್ಟು ಜನರ ತಾಟಿನಿಂದ ಏನನ್ನು ತೆಗೆದುಹಾಕಿದೆ ಎಂದು ಯೋಚಿಸಲು ನನಗೆ ಈಗ ಬೇಕಾದಷ್ಟು ಹೊತ್ತಿದೆ. ದಾನಮ್ಮನ ಕೈ ನೆನಪಾಗುತ್ತದೆ. ಅವಳಷ್ಟು ಮೃದುವಾಗಿ ನನ್ನನ್ನು ಯಾರೂ ಅಲ್ಲಾಡಿಸಿರಲಿಲ್ಲ. ಆ ಕೈಯ ಮೇಲೆ ನನಗೆ ಇಂದಿಗೂ ಸಿಟ್ಟು ಬರುವುದಿಲ್ಲ. ಬರಬೇಕಿತ್ತೇನೋ.

ಹೋದ ವಾರ ಚೆಂಬವ್ವ ಬಂದಿದ್ದಳು. “ನಿಮ್ಮವ್ವನ ಆ ಸಣ್ಣ ಬಲಿ ಸಾಣಿಗಿ ಸುಮ್ನ ಬಿದ್ದೈತಲ್ಲವಾ, ನನಗ ಕೊಡು” ಎಂದು ಕೇಳಿದಳು.

ಶಶಿಕಲಾ ಕೈಯಲ್ಲಿದ್ದ ಮೆಂತ್ಯದ ಕಟ್ಟನ್ನು ಬಿಡಿಸುತ್ತ ತಲೆಯೆತ್ತಿ ಅಟ್ಟದ ಕಡೆ ನೋಡಿದಳು.

“ಅದು ಹರದೈತಿ, ಚೆಂಬಕ್ಕ” ಎಂದಳು.

ನನ್ನ ಬಲೆಯ ಒಂದು ತಂತಿಯೂ ಹರಿದಿಲ್ಲ.